ದೋಣಿಗೆ ಒಂದು ಎಂಜಿನ್ ಸಾಕೇ, ಎರಡು ಬೇಕೇ?

ಹದಿನಾರು ಅಡಿಯ ಫೈಬರ್ ದೋಣಿಗೆ 40 ಅಶ್ವಶಕ್ತಿಯ, ಹಿಂಬದಿಯ ಹಲಗೆಗೆ ಹೊರಗಿನಿಂದ ಕಚ್ಚಿಸುವ ಒಂದೇ ಔಟ್‌ಬೋರ್ಡ್ ಎಂಜಿನ್ ಕೂರಿಸುವುದೋ, 20 ಅಶ್ವಶಕ್ತಿಯ ಎರಡನ್ನು ಅಕ್ಕಪಕ್ಕ ಕೂರಿಸುವುದೋ ಎಂಬ ಪ್ರಶ್ನೆಯನ್ನು ಹೊತ್ತು ನನ್ನ ಭಾವ ಕಳೆದ ಬೇಸಿಗೆಯಲ್ಲಿ ಕುಶಾಲನಗರದ ನಮ್ಮ ಮನೆಗೆ ಬಂದಿದ್ದರು. ದೋಣಿ ಅವರೊಬ್ಬರದಲ್ಲ, ನಾಲ್ವರು ಸೇರಿ ಕೊಂಡದ್ದು. ವರ್ಷದ ಹೆಚ್ಚು ಕಾಲ ಅನುಮತಿ ಪಡೆದು ಹಾರಂಗಿ ಜಲಾಶಯದ ಹಿನ್ನೀರಿನಲ್ಲಿ ಬಲೆ ಬಿಡುವುದು, ಮಳೆಗಾಲ ಕಳೆದ ಮೇಲೆ ಕೆಲವು ವಾರ ದೋಣಿಯನ್ನು ಟ್ರೇಲರ್ ಮೇಲೆ ಹಾಕಿಕೊಂಡು ಸಂಪಾಜೆ ಘಾಟಿ ಇಳಿದು ಮಂಗಳೂರಿನ ಕಡೆ ಗಾಳ ಹಾಕುವುದು ಅವರ ಯೋಜನೆ. ನಾಲ್ವರಲ್ಲಿ ಇಬ್ಬರು ಎರಡು ಎಂಜಿನ್ ಇದ್ದರೆ ಧೈರ್ಯ ಎನ್ನುತ್ತಿದ್ದರು, ಉಳಿದಿಬ್ಬರು ಎರಡರ ಖರ್ಚು ಯಾರು ತಡೆಯುತ್ತಾರೆ ಎನ್ನುತ್ತಿದ್ದರು. ಹಲವು ವರ್ಷಗಳಿಂದ ಇಂಥ ಎಂಜಿನ್‌ಗಳನ್ನು ಬಿಚ್ಚಿ ಜೋಡಿಸುತ್ತ ಬಂದಿರುವ ನನಗೆ ಎರಡೂ ಮಾತು ಅರ್ಧ ಸರಿ ಎನಿಸಿತು. ಅಂದು ಸಂಜೆ ನಾವಿಬ್ಬರೂ ಕುಳಿತು ಕಾಗದದ ಮೇಲೆ ಮಾಡಿದ ಲೆಕ್ಕವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಎಂಜಿನ್ ನಡುವೆ ನಿಲ್ಲುತ್ತದೆಯೇ ಎಂದು ಕೇಳುವುದರಿಂದ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ ಎಷ್ಟೇ ಒಳ್ಳೆಯ ಎಂಜಿನ್ ಆದರೂ ಒಂದಲ್ಲ ಒಂದು ದಿನ ನಿಲ್ಲುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ಅದು ನಿಂತ ಗಳಿಗೆಯಿಂದ ದೋಣಿ ಅಪಾಯಕ್ಕೆ ಸಿಲುಕುವ ಗಳಿಗೆಯವರೆಗೆ ನಮ್ಮ ಕೈಯಲ್ಲಿ ಎಷ್ಟು ಹೊತ್ತು ಇರುತ್ತದೆ? ಹಾರಂಗಿಯ ಹಿನ್ನೀರಿನಲ್ಲಿ ಜನವರಿಯ ಬೆಳಿಗ್ಗೆ ಎಂಜಿನ್ ನಿಂತರೆ ಅರ್ಧ ಗಂಟೆ ಸುಮ್ಮನೆ ತೇಲಿದರೂ ಏನೂ ಆಗುವುದಿಲ್ಲ. ನೇತ್ರಾವತಿಯ ಅಳಿವೆಯಲ್ಲಿ, ಅಲೆ ಒಡೆಯುವ ಜಾಗದಲ್ಲಿ ನಿಂತರೆ ಕೈಯಲ್ಲಿರುವುದು ಕೆಲವೇ ಸೆಕೆಂಡು. ಆ ಹೊತ್ತು ನಿಮಿಷಗಳಲ್ಲಿದೆಯೋ ಸೆಕೆಂಡುಗಳಲ್ಲಿದೆಯೋ ಎಂಬುದು ತೀರ್ಮಾನವಾದರೆ ಎಂಜಿನ್ ಒಂದೋ ಎರಡೋ ಎಂಬುದು ಬಹುಪಾಲು ತಾನಾಗಿಯೇ ತೀರ್ಮಾನವಾಗುತ್ತದೆ.

ಮೊದಲು ಶಕ್ತಿಯ ಲೆಕ್ಕ. ದೋಣಿ ನೀರಿನಲ್ಲಿ ಎರಡು ರೀತಿಯಲ್ಲಿ ಚಲಿಸುತ್ತದೆ. ನಿಧಾನವಾಗಿ ಹೋಗುವಾಗ ಅದು ನೀರನ್ನು ಸೀಳಿ ಎರಡು ಬದಿಗೂ ತಳ್ಳುತ್ತ ಸಾಗುತ್ತದೆ, ಹಾಗೂ ಈ ಸ್ಥಿತಿಯಲ್ಲಿ ಅದರ ವೇಗಕ್ಕೆ ಉದ್ದವೇ ಮಿತಿ. ನೀರಿನ ಮಟ್ಟದಲ್ಲಿ ದೋಣಿಯ ಉದ್ದ ಎಷ್ಟು ಅಡಿಯೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಸಿಗುವುದೇ ಆ ಮಿತಿ, ನಾಟ್ ಲೆಕ್ಕದಲ್ಲಿ. ಹದಿನಾರು ಅಡಿಯ ದೋಣಿ ನೀರಿನ ಮಟ್ಟದಲ್ಲಿ ಸುಮಾರು ಹದಿನೈದು ಅಡಿ ಉದ್ದವಿರುವುದರಿಂದ ಅದರ ಮಿತಿ ಐದು ನಾಟ್‌ನ ಮೇಲೆ ಸ್ವಲ್ಪ, ಅಂದರೆ ಗಂಟೆಗೆ 9ರಿಂದ 10 ಕಿ.ಮೀ. ಈ ವೇಗಕ್ಕೆ ಒಂದು ಟನ್ ತೂಕಕ್ಕೆ ನಾಲ್ಕೈದು ಅಶ್ವಶಕ್ತಿ ಸಾಕು. ಎರಡನೆಯ ರೀತಿಯಲ್ಲಿ ದೋಣಿ ವೇಗ ಹೆಚ್ಚಿಸಿಕೊಂಡು ತನ್ನದೇ ಅಲೆಯನ್ನು ಹತ್ತಿ, ನೀರಿನ ಮೇಲೆ ಎದ್ದು ಜಾರುತ್ತ ಓಡುತ್ತದೆ. ಎಂಜಿನ್‌ನವರು ಇದನ್ನು ಪ್ಲೇನಿಂಗ್ ಎನ್ನುತ್ತಾರೆ. ಹಾಗೆ ಏಳಬೇಕಾದರೆ ಪ್ರತಿ ಅಶ್ವಶಕ್ತಿಯ ಪಾಲಿಗೆ ಇಪ್ಪತ್ತು ಕಿ.ಗ್ರಾಂ. ಆಸುಪಾಸಿನ ತೂಕ ಬರಬೇಕು, ಅದಕ್ಕಿಂತ ಕಡಿಮೆ ಬಂದರೆ ಒಳ್ಳೆಯದು.

ಭಾವನ ದೋಣಿಗೆ ಇದನ್ನು ಹಚ್ಚಿ ನೋಡೋಣ. ಬರಿಯ ದೋಣಿ ಸುಮಾರು 300 ಕಿ.ಗ್ರಾಂ., ನಾಲ್ಕು ಜನ 280, ಎಂಜಿನ್ ಮತ್ತು ಪೆಟ್ರೋಲು ಸೇರಿ 120, ಬಲೆ, ಮಂಜುಗಡ್ಡೆಯ ಪೆಟ್ಟಿಗೆ, ಹಿಡಿದ ಮೀನು ಎಲ್ಲ ಸೇರಿ 100. ಒಟ್ಟು 800 ಕಿ.ಗ್ರಾಂ. ಇದಕ್ಕೆ 40 ಅಶ್ವಶಕ್ತಿ ಹಾಕಿದರೆ ಒಂದು ಅಶ್ವಶಕ್ತಿಗೆ 20 ಕಿ.ಗ್ರಾಂ., ದೋಣಿ ಎದ್ದು ಓಡುತ್ತದೆ. ಆ ನಲವತ್ತು ಒಂದೇ ಎಂಜಿನ್‌ನಿಂದ ಬಂದರೂ ಎರಡು ಇಪ್ಪತ್ತರಿಂದ ಬಂದರೂ ಕಾಗದದ ಮೇಲೆ ಒಂದೇ. ನೀರಿನಲ್ಲಿ ಒಂದೇ ಅಲ್ಲ. ಎರಡು ಎಂಜಿನ್ ಎಂದರೆ ನೀರೊಳಗೆ ಎರಡು ಗೇರ್‌ಕೇಸ್, ಎರಡು ಪ್ರೊಪೆಲ್ಲರ್. ನೀರಿನ ಎಳೆತ ಆ ಮಟ್ಟಿಗೆ ಹೆಚ್ಚುವುದರಿಂದ ಅಷ್ಟೇ ಶಕ್ತಿಯ ಒಂಟಿ ಎಂಜಿನ್ ಸಾಮಾನ್ಯವಾಗಿ ಸ್ವಲ್ಪ ಹೆಚ್ಚು ವೇಗವನ್ನೂ ಸ್ವಲ್ಪ ಕಡಿಮೆ ಇಂಧನ ಖರ್ಚನ್ನೂ ಕೊಡುತ್ತದೆ.

ಈಗ ಎರಡು ಇಪ್ಪತ್ತರ ಪೈಕಿ ಒಂದು ಕೈಕೊಟ್ಟಿತು ಎಂದುಕೊಳ್ಳಿ. ಅರ್ಧ ಶಕ್ತಿ ಉಳಿದಿರುವುದರಿಂದ ಅರ್ಧ ವೇಗದಲ್ಲಾದರೂ ಮನೆ ಸೇರಬಹುದು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಾಗುವುದಿಲ್ಲ. ಉಳಿದ 20 ಅಶ್ವಶಕ್ತಿಗೆ 800 ಕಿ.ಗ್ರಾಂ. ಎಂದರೆ ಒಂದಕ್ಕೆ 40 ಕಿ.ಗ್ರಾಂ., ಅಷ್ಟು ಹೊರೆಯಲ್ಲಿ ದೋಣಿ ಮೇಲೆ ಏಳುವುದೇ ಇಲ್ಲ. ಅದು ನೀರನ್ನು ಸೀಳುವ ಮೊದಲ ಸ್ಥಿತಿಗೆ ಇಳಿದು ಅದೇ ಗಂಟೆಗೆ ಹತ್ತು ಕಿ.ಮೀ. ಆಸುಪಾಸಿನ ಮಿತಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಅದರ ಮೇಲೆ, ಇಬ್ಬರೂ ಹೊರೆ ಹಂಚಿಕೊಳ್ಳುತ್ತಾರೆ ಎಂಬ ಲೆಕ್ಕದಲ್ಲಿ ಆರಿಸಿದ ಪ್ರೊಪೆಲ್ಲರ್ ಈಗ ಒಂದೇ ಎಂಜಿನ್‌ಗೆ ಅತಿಯಾದ ಭಾರವಾಗುತ್ತದೆ. ಥ್ರಾಟಲ್ ಪೂರ್ತಿ ತಿರುಗಿಸಿದರೂ ಸುತ್ತುಗಳು ಏರುವುದಿಲ್ಲ, ಎಂಜಿನ್ ಉಬ್ಬಸ ಬಂದವರಂತೆ ದುಡಿಯುತ್ತದೆ, ಹಾಗೆ ಬಹಳ ಹೊತ್ತು ದುಡಿಸಿದರೆ ಅದೂ ಹಾಳಾಗುತ್ತದೆ. ಅಂದರೆ ಎರಡನೆಯ ಇಪ್ಪತ್ತು ಆಪತ್ತಿನಲ್ಲಿ ನಮಗೆ ಕೊಡುವುದು ನಿಧಾನವಾಗಿ ದಡ ಸೇರುವ ಸಾಮರ್ಥ್ಯವನ್ನು ಮಾತ್ರ. ಅಷ್ಟು ಸಾಮರ್ಥ್ಯವನ್ನು, ಶಾಂತ ನೀರಿನಲ್ಲಿ, 6 ಅಶ್ವಶಕ್ತಿಯ ಪುಟ್ಟ ಎಂಜಿನ್ ಕೂಡ ಕೊಡುತ್ತದೆ. ಅದರ ತೂಕ ಇಪ್ಪತ್ತೈದು ಕಿ.ಗ್ರಾಂ. ಆಸುಪಾಸು, ಒಬ್ಬರೇ ಎತ್ತಿ ಜೀಪಿನೊಳಗೆ ಇಡಬಹುದು. ಈ ಒಂದು ಮಾತು ಭಾವನ ಜೊತೆಗಾರರ ಜಗಳವನ್ನು ಅರ್ಧ ಇಳಿಸಿತು.

ಎರಡಿದ್ದರೆ ಧೈರ್ಯ ಎಂಬುದರ ಹಿಂದಿರುವ ಲೆಕ್ಕವೂ ಬಿಡಿಸಿ ನೋಡುವಂಥದ್ದು. ನೂರು ಸಲ ನೀರಿಗಿಳಿದರೆ ಒಂದು ಸಲ ಎಂಜಿನ್ ಕೈಕೊಡುತ್ತದೆ ಎಂದು ಲೆಕ್ಕಕ್ಕಾಗಿ ಹಿಡಿಯೋಣ. ಎರಡು ಎಂಜಿನ್ ಇದ್ದರೆ, ನೂರರಲ್ಲಿ ಸುಮಾರು ಎರಡು ಸಲ ಯಾವುದೋ ಒಂದು ಕೈಕೊಡುತ್ತದೆ, ಏಕೆಂದರೆ ಕೆಡುವ ವಸ್ತುಗಳೇ ಎರಡು ಪಟ್ಟು. ಎರಡೂ ಒಂದೇ ದಿನ ಕೈಕೊಡುವ ಸಂಭವ ಹತ್ತು ಸಾವಿರದಲ್ಲಿ ಒಂದು. ಕೇಳಲು ಬಹಳ ಸಮಾಧಾನದ ಸಂಖ್ಯೆ ಇದು. ಆದರೆ ಈ ಸಂಖ್ಯೆ ನಿಜವಾಗಬೇಕಾದರೆ ಒಂದು ಎಂಜಿನ್ ನಿಲ್ಲುವ ಕಾರಣಕ್ಕೂ ಇನ್ನೊಂದು ನಿಲ್ಲುವ ಕಾರಣಕ್ಕೂ ಸಂಬಂಧವೇ ಇರಬಾರದು. ದೋಣಿಯಲ್ಲಿ ಆ ಸಂಬಂಧ ಬಹಳ ಗಟ್ಟಿಯಾಗಿರುತ್ತದೆ: ಒಂದೇ ಟ್ಯಾಂಕು, ಒಂದೇ ಬ್ಯಾಟರಿ, ಒಂದೇ ಬಲೆ, ಒಂದೇ ಚಾಲಕ.

ನಾನು ಇದನ್ನು ಕಣ್ಣಾರೆ ಕಂಡದ್ದು ಉಳ್ಳಾಲದ ಆಚೆ ಸಮುದ್ರದಲ್ಲಿ. ಪರಿಚಿತರೊಬ್ಬರ ದೋಣಿ, ಅದಕ್ಕೆ ಎರಡು ಒಳ್ಳೆಯ ಎಂಜಿನ್. ದಡದಿಂದ ಎಂಟು ಹತ್ತು ಕಿ.ಮೀ. ದೂರದಲ್ಲಿ ಎಡಗಡೆಯದು ಎರಡು ಸಲ ಕೆಮ್ಮಿ ನಿಂತಿತು. ಏನಾಯಿತೆಂದು ಅದರ ಮುಚ್ಚಳ ತೆಗೆದು ನೋಡುತ್ತಿರುವಾಗಲೇ ಬಲಗಡೆಯದೂ ನಿಂತಿತು. ಇಂಧನದ ಫಿಲ್ಟರ್ ಬಟ್ಟಲನ್ನು ಬಿಚ್ಚಿ ಬಿಸಿಲಿಗೆ ಹಿಡಿದಾಗ ಕಾರಣ ಕಾಣಿಸಿತು. ಮೇಲೆ ತಿಳಿಹಳದಿ ಪೆಟ್ರೋಲು, ಕೆಳಗೆ ಎರಡು ಬೆರಳಿನಷ್ಟು ಬಣ್ಣವಿಲ್ಲದ ನೀರು, ನಡುವೆ ಗೆರೆ ಎಳೆದಂಥ ಗಡಿ. ಎರಡೂ ಎಂಜಿನ್ ಒಂದೇ ಟ್ಯಾಂಕಿನಿಂದ ಕುಡಿಯುತ್ತಿದ್ದವು. ಇನ್ನೊಂದು ದೋಣಿಯವರು ಹಗ್ಗ ಕೊಟ್ಟು ಎಳೆದು ತಂದದ್ದರಿಂದ ನಾವು ಸಂಜೆಗೆ ದಡ ಕಂಡೆವು. ಹತ್ತು ಸಾವಿರದಲ್ಲಿ ಒಂದು ಎಂಬ ಲೆಕ್ಕ ಅಂದು ಏನೂ ಸಹಾಯ ಮಾಡಲಿಲ್ಲ.

ಈ ನೀರಿನ ಸಮಸ್ಯೆ ಕೊಡಗಿನವರಿಗೆ ಇನ್ನೂ ಹತ್ತಿರದ್ದು. ಈಗ ಪಂಪುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹೀರಿದ ನೀರು ಒಂದು ಮಿತಿ ದಾಟಿದರೆ ಎಥೆನಾಲ್ ಮತ್ತು ನೀರು ಎರಡೂ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕಿಳಿಯುತ್ತವೆ. ಎಂಜಿನ್‌ಗೆ ಹೋಗುವ ಕೊಳವೆ ಹೀರುವುದು ತಳದಿಂದಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೂ ಪಾಚಿ ಕಟ್ಟುವ ನಮ್ಮ ಹವೆಯಲ್ಲಿ, ತೋಟದ ಗೋದಾಮಿನ ಮೂಲೆಯಲ್ಲಿ ಅರ್ಧ ತುಂಬಿದ ಕ್ಯಾನನ್ನು ನಾಲ್ಕು ತಿಂಗಳು ಇಟ್ಟು ಅದನ್ನೇ ದೋಣಿಗೆ ಸುರಿದರೆ ಆಗುವುದು ಇದೇ. ಬಹುತೇಕ ಔಟ್‌ಬೋರ್ಡ್ ಎಂಜಿನ್‌ಗಳ ಕೈಪಿಡಿಗಳು ಶೇ. 10ರವರೆಗಿನ ಎಥೆನಾಲನ್ನು ಮಾತ್ರ ಒಪ್ಪುತ್ತವೆ. ಆದ್ದರಿಂದ ಕೊಳ್ಳುವ ಮೊದಲು ಈ ಒಂದು ಪುಟವನ್ನು ತೆರೆದು ಓದಬೇಕು, ಟ್ಯಾಂಕಿಗೂ ಎಂಜಿನ್‌ಗೂ ನಡುವೆ ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಬೇಕು, ಹಳೆಯ ಪೆಟ್ರೋಲನ್ನು ದೋಣಿಗೆ ಹಾಕಲೇಬಾರದು. ಎರಡು ಎಂಜಿನ್ ಹಾಕಿಸುವವರು ಎರಡು ಟ್ಯಾಂಕು, ಎರಡು ಫಿಲ್ಟರ್, ಎರಡು ಬ್ಯಾಟರಿ ಹಾಕಿಸದಿದ್ದರೆ ಅವರು ಕೊಂಡದ್ದು ಎರಡು ಪಟ್ಟು ಖರ್ಚನ್ನು, ಎರಡು ಪಟ್ಟು ಭದ್ರತೆಯನ್ನಲ್ಲ. ಈ ಮಾತನ್ನು ನಾನು ಎಷ್ಟು ಸಲ ಹೇಳಿದರೂ ಸಾಲದು.

ತೂಕದ ವಿಷಯದಲ್ಲಿ ಎಚ್ಚರದಿಂದ ಮಾತಾಡಬೇಕು. ಎರಡು ಸಣ್ಣ ಎಂಜಿನ್ ಯಾವಾಗಲೂ ಒಂದು ದೊಡ್ಡದಕ್ಕಿಂತ ಭಾರ ಎಂದು ಹೇಳುವುದು ವಾಡಿಕೆ, ಆದರೆ ಸಣ್ಣ ಅಳತೆಯಲ್ಲಿ ಅದು ನಿಜವಲ್ಲ. 20 ಅಶ್ವಶಕ್ತಿಯ ಫೋರ್ ಸ್ಟ್ರೋಕ್ ಎಂಜಿನ್ 45ರಿಂದ 52 ಕಿ.ಗ್ರಾಂ. ತೂಗುತ್ತದೆ. 40ರದ್ದು ನೂರರ ಹತ್ತಿರ ಇರುತ್ತದೆ. ಎರಡು ಇಪ್ಪತ್ತಕ್ಕೂ ಒಂದು ನಲವತ್ತಕ್ಕೂ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ವ್ಯತ್ಯಾಸ ಕಾಣುವುದು ದೊಡ್ಡ ಎಂಜಿನ್‌ಗಳಲ್ಲಿ. 60 ಅಶ್ವಶಕ್ತಿಯದು 110ರಿಂದ 120 ಕಿ.ಗ್ರಾಂ. ಇದ್ದರೆ 115 ಅಶ್ವಶಕ್ತಿಯದು 165ರಿಂದ 185ರ ನಡುವೆ ಇರುತ್ತದೆ. ಅಲ್ಲಿ ಎರಡು ಅರವತ್ತು ಹಾಕಿದರೆ ಐವತ್ತು ಅರವತ್ತು ಕಿ.ಗ್ರಾಂ. ಹೆಚ್ಚು, ಅಂದರೆ ಒಬ್ಬ ಆಳು ದಿನವಿಡೀ ದೋಣಿಯ ತೀರಾ ಹಿಂಬದಿಯ ಅಂಚಿನಲ್ಲಿ ನಿಂತಂತೆ. ಹಿಂಬದಿ ತಗ್ಗಿ, ಮೂತಿ ಮೇಲೆದ್ದು, ಹಿಂದಿನಿಂದ ಬರುವ ಅಲೆ ಒಳಗೆ ನುಗ್ಗುವ ಸಂಭವ ಹೆಚ್ಚುತ್ತದೆ. ಎಂಜಿನ್ ಕೂರುವ ಹಿಂಬದಿಯ ಹಲಗೆಯನ್ನಂತೂ, ಅದನ್ನು ಟ್ರಾನ್ಸಮ್ ಎನ್ನುತ್ತಾರೆ, ಕೊಳ್ಳುವ ಮೊದಲೇ ಬಡಿದು ನೋಡಬೇಕು. ಹಳೆಯ ಫೈಬರ್ ದೋಣಿಗಳಲ್ಲಿ ಅದರೊಳಗೆ ಪ್ಲೈವುಡ್ ಇರುತ್ತದೆ, ಬೋಲ್ಟಿನ ತೂತಿನಿಂದ ನೀರು ಇಳಿದು ಅದು ಕೊಳೆತಿದ್ದರೆ ಸುತ್ತಿಗೆಯ ಸದ್ದು ಟಣ್ ಎನ್ನದೆ ಬೊದ್ದಾಗಿ ಕೇಳುತ್ತದೆ. ಅಂಥ ಹಲಗೆಗೆ ಒಂದು ಎಂಜಿನ್ನೂ ಭಾರವೇ.

ಹಾರಂಗಿಗೆ ಬಂದರೆ ಇನ್ನೊಂದು ಮಾತಿದೆ. ಜಲಾಶಯದ ಪೂರ್ಣ ಮಟ್ಟ 2,859 ಅಡಿ, ಮಳೆಗಾಲದಲ್ಲಿ 8.5 ಟಿಎಂಸಿ ನೀರು ತುಂಬುತ್ತದೆ. ಬೇಸಿಗೆಗೆ ಅದು ಇಳಿಯುತ್ತ ಹೋದಂತೆ ಹಿನ್ನೀರಿನ ಅಂಚಿನಲ್ಲಿ ಹಳೆಯ ಮರಗಳ ಬೊಡ್ಡೆಗಳು, ಬಂಡೆಗಳು ನೀರಿನ ಮೇಲ್ಮೈಗೆ ಹತ್ತಿರವಾಗುತ್ತವೆ. ಕೆಲವು ಕಾಣುತ್ತವೆ, ಕಾಣದವು ಹೆಚ್ಚು ಅಪಾಯ. ಒಂದೇ ಎಂಜಿನ್ ದೋಣಿಯ ತಳದ ನಡುಗೆರೆಯ ನೇರಕ್ಕೆ, ಅದರ ಹಿಂದೆ ಅಡಗಿ ಕೂರುತ್ತದೆ. ಮೇಲ್ಮೈಗೆ ಹತ್ತಿರವಿರುವ ಬೊಡ್ಡೆ ಬಹಳ ಸಲ ಮೊದಲು ಆ ಗೆರೆಗೆ ತಾಗಿ, ದೋಣಿಯನ್ನು ಅಲುಗಿಸಿ ನಮಗೆ ಸೂಚನೆ ಕೊಡುತ್ತದೆ. ಎರಡು ಎಂಜಿನ್‌ಗಳು ನಡುಗೆರೆಯ ಎರಡು ಬದಿಗೆ ಸರಿದು, ಯಾವ ಮರೆಯೂ ಇಲ್ಲದೆ ನೀರಿನಲ್ಲಿ ತೂಗುತ್ತವೆ. ಬೊಡ್ಡೆಗೆ ಮೊದಲು ಸಿಗುವುದು ಅವುಗಳ ಪ್ರೊಪೆಲ್ಲರ್. ತಳ ಇಂಗ್ಲಿಷಿನ ವಿ ಅಕ್ಷರದಂತಿರುವ ದೋಣಿಗಳಲ್ಲಿ ಬದಿಗೆ ಹೋದಂತೆ ತಳ ಮೇಲೇರುವುದರಿಂದ ಎರಡು ಎಂಜಿನ್‌ಗಳನ್ನು ನಡುವಿನದಕ್ಕಿಂತ ಎತ್ತರದಲ್ಲಿ ಕೂರಿಸಬೇಕಾಗುತ್ತದೆ. ಆಗ ಜೋರಾಗಿ ತಿರುಗುವಾಗ ಹೊರಗಡೆಯ ಪ್ರೊಪೆಲ್ಲರ್ ಗಾಳಿ ಹೀರಿ ಹಿಡಿತ ಬಿಡುತ್ತದೆ. ಸರಿಯಾದ ಎತ್ತರ, ಸರಿಯಾದ ಉದ್ದದ ಶಾಫ್ಟ್ ಆರಿಸಿದರೆ ಇದನ್ನು ಬಹುಪಾಲು ತಪ್ಪಿಸಬಹುದು. ಆದರೆ ಬೊಡ್ಡೆಯ ವಿಷಯದಲ್ಲಿ ಮಾಡುವುದೇನೂ ಇಲ್ಲ.

ಸಮುದ್ರ ತೀರದವರು ಬರೆದ ಸಲಹೆಗಳಲ್ಲಿ ಕಾಣದ, ಕೊಡಗಿನವರು ಮರೆಯಬಾರದ ವಿಷಯವೆಂದರೆ ಎತ್ತರ. ಹಾರಂಗಿಯ ನೀರು ಸಮುದ್ರ ಮಟ್ಟದಿಂದ ಸುಮಾರು 870 ಮೀಟರ್ ಮೇಲಿದೆ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ, ಎಂಜಿನ್ ಪ್ರತಿ ಉಸಿರಿಗೆ ಒಳಗೆಳೆದುಕೊಳ್ಳುವ ಆಮ್ಲಜನಕ ಕಡಿಮೆಯಾಗುತ್ತದೆ, ಪ್ರತಿ ಸಾವಿರ ಅಡಿಗೆ ಶೇ. 3ರಷ್ಟು ಶಕ್ತಿ ಹೋಗುತ್ತದೆ. ಹಾರಂಗಿಯಲ್ಲಿ ಇದು ಶೇ. 8ರಿಂದ 9. ಡಬ್ಬಿಯ ಮೇಲೆ 40 ಎಂದು ಬರೆದಿದ್ದರೂ ಇಲ್ಲಿ ಸಿಗುವುದು ಸುಮಾರು 36 ಅಥವಾ 37. ಎರಡು ಇಪ್ಪತ್ತಿದ್ದರೂ ಇಷ್ಟೇ ನಷ್ಟ, ಎಂಜಿನ್‌ಗಳ ಸಂಖ್ಯೆ ಹೆಚ್ಚಿಸಿ ಇದನ್ನು ತುಂಬಿಕೊಳ್ಳಲಾಗುವುದಿಲ್ಲ. ಫ್ಯೂಯಲ್ ಇಂಜೆಕ್ಷನ್ ಇರುವ ಎಂಜಿನ್ ತೆಳುಗಾಳಿಗೆ ತಕ್ಕಂತೆ ಪೆಟ್ರೋಲನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತದೆ, ಆದರೆ ಹೋದ ಶಕ್ತಿಯನ್ನು ಮರಳಿಸಲಾರದು. ಹಳೆಯ ಕಾರ್ಬ್ಯುರೇಟರ್ ಎಂಜಿನ್‌ಗೆ ಅದೂ ಗೊತ್ತಾಗುವುದಿಲ್ಲ. ಮಂಗಳೂರಿನಲ್ಲಿ ಹೊಂದಿಸಿದ ಅಳತೆಯಲ್ಲೇ ಪೆಟ್ರೋಲು ಸುರಿಯುತ್ತದೆ, ಸುಡದೆ ಉಳಿದದ್ದು ಮಸಿಯಾಗುತ್ತದೆ. ಘಟ್ಟದ ಕೆಳಗಿನಿಂದ ತಂದ ಹಳೆಯ ಎಂಜಿನ್ ಒಂದರ ಸ್ಪಾರ್ಕ್ ಪ್ಲಗ್ಗನ್ನು ಇಲ್ಲಿ ಹತ್ತು ಗಂಟೆ ಓಡಿಸಿದ ಮೇಲೆ ಬಿಚ್ಚಿ ಅಂಗೈ ಮೇಲೆ ಇಟ್ಟಾಗ, ಕಾಡಿಗೆ ಹಚ್ಚಿದಂತೆ ಕಪ್ಪಾಗಿದ್ದ ಅದರ ತುದಿ ಕೈಗೆಲ್ಲ ಅಂಟಿಕೊಂಡಿತ್ತು. ಆರೋಗ್ಯವಂತ ಪ್ಲಗ್ಗಿನ ತುದಿ ತಿಳಿಯಾದ ಕಾಫಿಯ ಬಣ್ಣಕ್ಕಿರಬೇಕು.

ಎತ್ತರದಲ್ಲಿ ಕಡಿಮೆಯಾದ ಶಕ್ತಿಗೆ ದೋಣಿಯನ್ನು ಹೊಂದಿಸುವ ಉಪಾಯ ಪ್ರೊಪೆಲ್ಲರ್‌ನಲ್ಲಿದೆ. ಪ್ರೊಪೆಲ್ಲರ್ ಒಂದು ಸುತ್ತು ತಿರುಗಿದಾಗ ಎಷ್ಟು ಇಂಚು ಮುಂದೆ ಹೋಗಬೇಕೋ ಅದು ಅದರ ಪಿಚ್. ತಿರುಪು ಮೊಳೆಯ ಎಳೆಗಳು ಒತ್ತೊತ್ತಾಗಿದ್ದರೆ ಹಗುರಾಗಿ ತಿರುಗುವಂತೆ, ಪಿಚ್ ಕಡಿಮೆಯಾದರೆ ಎಂಜಿನ್ ಸಲೀಸಾಗಿ ತಿರುಗುತ್ತದೆ. ಒಂದು ಇಂಚು ಇಳಿಸಿದರೆ ನಿಮಿಷಕ್ಕೆ 150ರಿಂದ 200 ಸುತ್ತು ಏರುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ಎಷ್ಟು ಸುತ್ತು ಬರಬೇಕು ಎಂದು ಕೈಪಿಡಿಯಲ್ಲಿ ಬರೆದಿರುತ್ತದೆ, ಬಹಳಷ್ಟು ಎಂಜಿನ್‌ಗಳಿಗೆ ಅದು 5,000 ಮತ್ತು 6,000ದ ನಡುವೆ. ತುಂಬಿದ ದೋಣಿ ಹಾರಂಗಿಯಲ್ಲಿ ಆ ಮಟ್ಟ ಮುಟ್ಟದಿದ್ದರೆ ಒಂದು ಇಂಚು ಕಡಿಮೆ ಪಿಚ್ಚಿನದು ಹಾಕಬೇಕು, ಸಮುದ್ರಕ್ಕೆ ಹೋಗುವಾಗ ಹಳೆಯದನ್ನು ಮರಳಿ ಹಾಕಬೇಕು. ಒಂದು ಎಂಜಿನ್‌ಗೆ ಇದು ಎರಡು ಪ್ರೊಪೆಲ್ಲರ್‌ಗಳ ಮಾತು. ಎರಡು ಎಂಜಿನ್‌ಗೆ ನಾಲ್ಕು, ಜೊತೆಗೆ ಬೊಡ್ಡೆಗೆ ಬಡಿದರೆ ಎಂದು ಇಟ್ಟುಕೊಳ್ಳುವ ಹೆಚ್ಚಿನವು ಬೇರೆ.

ಎರಡು ಎಂಜಿನ್‌ಗಳ ಪರವಾಗಿ ಹೇಳಬೇಕಾದ ನಿಜವಾದ ಗುಣಗಳಿವೆ, ಅವನ್ನು ಮುಚ್ಚಿಡುವುದು ತಪ್ಪಾಗುತ್ತದೆ. ಒಂದನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಹಾಕಿದರೆ ದೋಣಿ ನಿಂತಲ್ಲೇ ತಿರುಗುತ್ತದೆ, ದೋಣಿ ಕಟ್ಟುವ ಇಕ್ಕಟ್ಟಾದ ಧಕ್ಕೆಯಲ್ಲಿ ಇದು ದೊಡ್ಡ ಅನುಕೂಲ. ಎರಡು ಪ್ರೊಪೆಲ್ಲರ್ ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ತಿರುಗುವಂತಿದ್ದರೆ ಚುಕ್ಕಾಣಿ ಒಂದೇ ಕಡೆಗೆ ಎಳೆಯುವುದೂ ತಪ್ಪುತ್ತದೆ. ಹೀಗೆ ವಿರುದ್ಧ ತಿರುಗುವ ಮಾದರಿಗಳು ಸಾಮಾನ್ಯವಾಗಿ ನೂರು ಅಶ್ವಶಕ್ತಿಯ ಮೇಲಿನವುಗಳಲ್ಲಿ ಸಿಗುತ್ತವೆ, ಇಪ್ಪತ್ತರಲ್ಲಿ ಅಲ್ಲ. ಇಪ್ಪತ್ತರ ಎಂಜಿನ್‌ಗಳನ್ನು ಹೆಚ್ಚಾಗಿ ಹಿಡಿಕೋಲಿನಿಂದಲೇ ತಿರುಗಿಸುತ್ತಾರೆ. ಒಬ್ಬ ಮನುಷ್ಯ ಎರಡು ಹಿಡಿಕೋಲು, ಎರಡು ಥ್ರಾಟಲ್, ಎರಡು ಗೇರ್ ಹಿಡಿದು, ಜೊತೆಗೆ ಬಲೆಯ ಕಡೆಗೂ ಕಣ್ಣಿಡುವುದು ಆಗದ ಮಾತು. ಎರಡನ್ನೂ ಸರಳಿನಿಂದ ಜೋಡಿಸಿ, ಮುಂದೆ ಚುಕ್ಕಾಣಿ ಚಕ್ರ ಕೂರಿಸಿ, ತಂತಿಗಳನ್ನು ಎಳೆಯಬೇಕು. ಆಗ ಹದಿನಾರು ಅಡಿಯ ದೋಣಿಯಲ್ಲಿ ಬಲೆ ರಾಶಿ ಹಾಕುವ ಜಾಗವೇ ಉಳಿಯುವುದಿಲ್ಲ.

ಹಾಗಾದರೆ ಎರಡು ಎಂಜಿನ್ ನಿಜವಾಗಿ ಎಲ್ಲಿ ಬೇಕು? ಕೈಯಲ್ಲಿ ಹೊತ್ತೇ ಇಲ್ಲದ ಕಡೆ. ಕರಾವಳಿಯ ಅಳಿವೆಗಳಲ್ಲಿ ನದಿಯ ನೀರು ಹೊರಕ್ಕೆ, ಸಮುದ್ರದ ಅಲೆ ಒಳಕ್ಕೆ ನುಗ್ಗುವ ಮರಳುದಿಬ್ಬದ ಮೇಲೆ ದೋಣಿ ಅಲೆಗೆ ಮೂತಿ ಕೊಟ್ಟುಕೊಂಡೇ ಇರಬೇಕು. ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗುತ್ತದೆ, ಮುಂದಿನ ಅಲೆ ಅದನ್ನು ಮಗುಚುತ್ತದೆ. ಬದಿಗೆ ಎತ್ತಿ ಕಟ್ಟಿದ ಸಣ್ಣ ಎಂಜಿನ್ ಇಳಿಸಿ, ಹಗ್ಗ ಎಳೆದು ಚಾಲು ಮಾಡುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅಲ್ಲಿ ಉಪಯೋಗಕ್ಕೆ ಬರುವುದು ಆಗಲೇ ಓಡುತ್ತಿರುವ ಎರಡನೆಯ ಎಂಜಿನ್ ಮಾತ್ರ, ಅದು ನಿಧಾನವಾದರೂ ಸರಿ, ಮೂತಿಯನ್ನು ನೇರಕ್ಕೆ ಹಿಡಿದಿದ್ದರೆ ಸಾಕು. ದಡ ಕಾಣದಷ್ಟು ದೂರ ಹೋಗುವ ದೊಡ್ಡ ದೋಣಿಗಳಿಗೂ ಇದೇ ಮಾತು. ಮೀನಿನ ಹಿಂಡನ್ನು ಸುತ್ತುವರಿಯುವ ರಿಂಗ್ ಸೀನ್ ಬಲೆ ಹೊತ್ತ ಕೇರಳದ ಉದ್ದನೆಯ ದೋಣಿಗಳು, ಅಂದರೆ ವಳ್ಳಗಳು, 40 ಅಶ್ವಶಕ್ತಿಯ ಎರಡು ಮೂರು ಎಂಜಿನ್ ಕಟ್ಟಿಕೊಂಡು ಹೋಗುವುದಕ್ಕೆ ಕಾರಣ ಬೇರೆ. ಹತ್ತಾರು ಜನ, ಟನ್‌ಗಟ್ಟಲೆ ಬಲೆ ಹೊತ್ತ ಅಷ್ಟು ಉದ್ದದ ದೋಣಿಗೆ ಆ ಶಕ್ತಿ ಬೇಕೇ ಬೇಕು. ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್‌ಗಳ ಪ್ಲಗ್ಗು ಮೇಲಿಂದ ಮೇಲೆ ಮಸಿ ಹಿಡಿಯುವುದರಿಂದ ಒಂದಕ್ಕೆ ಬಿಡುವು ಕೊಟ್ಟು ಇನ್ನೊಂದನ್ನು ಓಡಿಸುವ ಅಭ್ಯಾಸವೂ ಉಪಯೋಗಕ್ಕೆ ಬರುತ್ತದೆ. ಕರ್ನಾಟಕದ ತೀರಕ್ಕೆ ದೋಣಿ ಒಯ್ಯುವವರು ಇನ್ನೊಂದನ್ನೂ ನೆನಪಿಡಬೇಕು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧದಲ್ಲಿ ವಿನಾಯಿತಿ ಇರುವುದು 10 ಅಶ್ವಶಕ್ತಿ ಮೀರದ ನಾಡದೋಣಿಗಳಿಗೆ. ಭಾವನ ದೋಣಿ ಆ ಕಾಲದಲ್ಲಿ ಘಟ್ಟದ ಮೇಲೆಯೇ ಇರುತ್ತದೆ.

ಕೊಡಗಿನೊಳಗೇ ಹೊತ್ತಿಲ್ಲದ ಜಾಗವೆಂದರೆ ಉಕ್ಕಿದ ಕಾವೇರಿ. 2019ರ ಆಗಸ್ಟ್‌ನಲ್ಲಿ ನೆಲ್ಯಹುದಿಕೇರಿ, ಕರಡಿಗೋಡು ಭಾಗದ ಮನೆಗಳು ಮುಳುಗಿದಾಗ ಜನರನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ಭಾಗಮಂಡಲದ ಸಂಗಮ ಜೋರು ಮಳೆಗೆ ಮುಳುಗುವುದು ನಮಗೆಲ್ಲ ಗೊತ್ತಿದ್ದದ್ದೇ. ಇಂಥ ನೀರಿನಲ್ಲಿ ಎರಡು ಎಂಜಿನ್ ಇದ್ದರೆ ಒಳ್ಳೆಯದಲ್ಲವೇ ಎಂದು ಭಾವ ಕೇಳಿದರು. ಆದರೆ ಅಲ್ಲಿ ಎಂಜಿನ್ ನಿಲ್ಲಿಸುವುದು ನೀರಿನೊಳಗಿನ ಬೇಲಿಯ ಮುಳ್ಳುತಂತಿ, ಕಾಫಿ ಗಿಡ, ತೇಲಿಬರುವ ಅಡಿಕೆ ಮರ. ತಂತಿ ಪ್ರೊಪೆಲ್ಲರ್‌ಗೆ ಸುತ್ತಿಕೊಂಡರೆ ಎರಡಕ್ಕೂ ಸುತ್ತಿಕೊಳ್ಳುತ್ತದೆ. ಸಾಲದ್ದಕ್ಕೆ, ರಬ್ಬರ್ ದೋಣಿಯ ಹಿಂಬದಿಯ ಹಲಗೆ ಎರಡನ್ನು ತಡೆಯುವುದೂ ಇಲ್ಲ. ಅಲ್ಲಿ ಬೇಕಾದದ್ದು ಪ್ರೊಪೆಲ್ಲರ್ ಸುತ್ತ ರಕ್ಷಣೆಯ ಬಳೆ ಇರುವ ಒಂದೇ ಎಂಜಿನ್, ಕೈಗೆ ಸಿಗುವಂತೆ ತಂತಿ ಕತ್ತರಿಸುವ ಇಕ್ಕಳ, ಎರಡು ಗಟ್ಟಿ ಹುಟ್ಟು, ದಡದಲ್ಲಿ ಹಗ್ಗ ಹಿಡಿದ ಜನ. ಮೀನಿನ ದೋಣಿಯನ್ನು ಆ ಕೆಲಸಕ್ಕೆ ಇಳಿಸುವ ಮೊದಲು ತರಬೇತಿ ಇರುವವರನ್ನು ಕರೆಯುವುದೇ ಸರಿ.

ನಿರ್ವಹಣೆಯದು ಸರಳ ಲೆಕ್ಕ, ಎಲ್ಲವೂ ಎರಡು ಪಟ್ಟು. ನೂರು ಗಂಟೆಗೆ ಅಥವಾ ವರ್ಷಕ್ಕೊಮ್ಮೆ ಎಂಜಿನ್ ಆಯಿಲ್, ಗೇರ್ ಆಯಿಲ್, ಒಂದೆರಡು ವರ್ಷಕ್ಕೊಮ್ಮೆ ತಂಪು ನೀರು ಎಳೆಯುವ ರಬ್ಬರಿನ ಇಂಪೆಲ್ಲರ್. ನುರಿತ ಮೆಕ್ಯಾನಿಕ್ ಬೇಕೆಂದರೆ ಬಹಳ ಸಲ ಘಟ್ಟ ಇಳಿದು ಮಂಗಳೂರಿಗೇ ಹೋಗಬೇಕಾಗುವ ನಮಗೆ ಈ ಎರಡು ಪಟ್ಟು ಇನ್ನಷ್ಟು ಭಾರ. ತುಕ್ಕು ತಡೆಯಲು ಎಂಜಿನ್ನಿನ ಕೆಳಭಾಗದಲ್ಲಿ ತಾನೇ ಸವೆದು ಉಳಿದ ಲೋಹವನ್ನು ಕಾಯುವ ಆನೋಡ್ ಎಂಬ ತುಂಡು ಇರುತ್ತದೆ. ಉಪ್ಪುನೀರಿಗೆ ಹೇಳಿ ಮಾಡಿಸಿದ ಸತುವಿನ ಆನೋಡ್ ಸಿಹಿನೀರಿನಲ್ಲಿ ಮೇಲೆ ಪದರ ಕಟ್ಟಿಕೊಂಡು ಕೆಲಸ ನಿಲ್ಲಿಸುತ್ತದೆ. ಹಾರಂಗಿ, ಸಮುದ್ರ ಎರಡರಲ್ಲೂ ಓಡುವ ದೋಣಿಗೆ ಅಲ್ಯೂಮಿನಿಯಂನದು ಹಾಕಿಸಬೇಕು.

ಕೊನೆಗೆ ಭಾವ ಮತ್ತು ಜೊತೆಗಾರರು ಒಪ್ಪಿದ್ದು 40 ಅಶ್ವಶಕ್ತಿಯ ಒಂದು ಎಂಜಿನ್, ಅದರ ಪಕ್ಕದಲ್ಲಿ ಏರಿಳಿಸುವ ಬ್ರಾಕೆಟ್ ಮೇಲೆ 6 ಅಶ್ವಶಕ್ತಿಯ ಇನ್ನೊಂದು. ಸಣ್ಣದಕ್ಕೆ ಅದರದೇ ಪುಟ್ಟ ಟ್ಯಾಂಕು, ಕೈಯಿಂದ ಹಗ್ಗ ಎಳೆದರೆ ಚಾಲು ಆಗುವುದರಿಂದ ಬ್ಯಾಟರಿಯ ಹಂಗೂ ಇಲ್ಲ. ದೊಡ್ಡದು ಯಾವ ಕಾರಣಕ್ಕೆ ನಿಂತರೂ ಆ ಕಾರಣ ಸಣ್ಣದನ್ನು ಮುಟ್ಟದಂತೆ ಇಟ್ಟಿದ್ದೇವೆ. ಅಳಿವೆ ದಾಟುವ ದೋಣಿ ಇದಲ್ಲ, ಮಂಗಳೂರಿಗೆ ಹೋದಾಗ ನದಿಯೊಳಗೇ ಗಾಳ ಹಾಕುವುದು ಎಂಬುದಕ್ಕೂ ನಾಲ್ವರೂ ಒಪ್ಪಿದ್ದಾರೆ. ತಿಂಗಳಿಗೊಮ್ಮೆಯಾದರೂ ಸಣ್ಣದನ್ನು ನೀರಿನಲ್ಲಿ ಹತ್ತು ನಿಮಿಷ ಓಡಿಸಲೇಬೇಕು ಎಂದು ನಾನು ಹಟ ಹಿಡಿದೆ, ಏಕೆಂದರೆ ಓಡಿಸದೆ ಇಟ್ಟ ಎಂಜಿನ್ ಬೇಕಾದ ದಿನ ಓಡುವುದಿಲ್ಲ.

ಮೊದಲ ಬಾರಿ ನೀರಿಗಿಳಿಸಿದ ದಿನ ದಡದಿಂದ ಮೂರು ಕಿ.ಮೀ. ದೂರದಲ್ಲಿ ನಾನು ದೊಡ್ಡ ಎಂಜಿನ್ನಿನ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು, ಈಗ ದಡ ಮುಟ್ಟಿಸಿ ಎಂದು ಭಾವನಿಗೆ ಹೇಳಿದೆ. ದೊಡ್ಡದರ ಪ್ರೊಪೆಲ್ಲರ್ ಎಳೆಯದಂತೆ ಅದನ್ನು ಮೇಲಕ್ಕೆತ್ತಿ, ಸಣ್ಣದನ್ನು ಇಳಿಸಿ, ಚೋಕ್ ಎಳೆದು, ಹಗ್ಗವನ್ನು ಮೂರನೆಯ ಸಲ ಎಳೆಯುವಷ್ಟರಲ್ಲಿ ಅದು ಹತ್ತಿಕೊಂಡಿತು. ಒಟ್ಟು ಎರಡು ನಿಮಿಷ ಹಿಡಿಯಿತು. ಎದುರುಗಾಳಿಯಲ್ಲಿ ಫೋನಿನ ಜಿಪಿಎಸ್ ಗಂಟೆಗೆ 8 ಕಿ.ಮೀ. ತೋರಿಸುತ್ತಿತ್ತು, ಇಪ್ಪತ್ತಮೂರು ನಿಮಿಷಕ್ಕೆ ದೋಣಿಯ ಮೂತಿ ದಡದ ಕೆಸರಿಗೆ ತಾಗಿತು.